ಟೈಲ್ಸ್ ಹಾಕಿಸುವಾಗ ಬಚ್ಚಲ ಬಾಗಿಲಲ್ಲೇ ಕೂತಿರಿ

ಮೈಸೂರಿನ ನಮ್ಮ ಮನೆಯ ಬಚ್ಚಲಿಗೆ ಮೊದಲ ಸಲ ಟೈಲ್ಸ್ ಹಾಕಿಸಿದಾಗ, ಬಣ್ಣ ಆರಿಸುವುದಕ್ಕೆ ನಾನು ಮೂರು ಅಂಗಡಿ ಸುತ್ತಿದ್ದೆ. ಕೆಲಸ ನಡೆಯುವಾಗ ಮಾತ್ರ ಒಳಗೆ ಇಣುಕಲಿಲ್ಲ. ಮೇಸ್ತ್ರಿಗೆ ಗೊತ್ತಿರುತ್ತದೆ ಅಲ್ವಾ ಅಂದುಕೊಂಡೆ. ಹಾಲುಬಣ್ಣದ ಟೈಲ್ಸು, ನಡುವೆ ನೀಲಿ ಹೂವಿನ ಪಟ್ಟಿ. ನೋಡಿದವರೆಲ್ಲ ಹೊಗಳಿದರು. ಮೊದಲ ದಿನ ಸ್ನಾನ ಮಾಡಿದರೆ ನೀರು ಜಾಲರಿಯ ಕಡೆ ಹೋಗದೆ ಬಾಗಿಲ ಕಡೆ ಬಂತು! ಅದಾದ ಮೇಲೆ ಒಂಬತ್ತು ವರ್ಷ ಸ್ನಾನ ಮುಗಿಸಿದವರೆಲ್ಲ ವೈಪರ್ ಹಿಡಿದು ನೀರು ತಳ್ಳಿದ್ದೇ ತಳ್ಳಿದ್ದು. ಎರಡನೇ ಸಲ ಹಾಕಿಸುವಾಗ ನಾನು ಸ್ಟೂಲ್ ಎಳೆದುಕೊಂಡು ಬಚ್ಚಲ ಬಾಗಿಲಲ್ಲೇ ಕೂತೆ. ಆಮೇಲೆ ಮಗಳ ಫ್ಲ್ಯಾಟು, ತಮ್ಮನ ಮನೆ, ಹೀಗೆ ಐದಾರು ಬಚ್ಚಲು ನನ್ನ ಕಣ್ಣೆದುರೇ ಆಗಿವೆ. ಕಲಿತದ್ದನ್ನು ಹೇಳುತ್ತೇನೆ.

ಟೈಲ್ಸ್ ಹಾಕಿದರೆ ನೀರು ಕೆಳಗೆ ಇಳಿಯುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಇಳಿಯುತ್ತದೆ. ಟೈಲ್ಸಿನಿಂದ ಅಲ್ಲ, ಎರಡು ಟೈಲ್ಸಿನ ನಡುವಿನ ಸಂದಿನಿಂದ. ನೀರನ್ನು ತಡೆಯುವುದು ಕೆಳಗಿನ ವಾಟರ್‌ಪ್ರೂಫಿಂಗ್. ಹಾಗಾಗಿ ಹಳೇ ಟೈಲ್ಸ್ ಕಿತ್ತು ಪೈಪು ಬದಲಾಯಿಸಿದ ಮೇಲೆ, ನೆಲಕ್ಕೂ ಗೋಡೆಯ ಕೆಳಗಿನ ಒಂದಡಿಗೂ ಎರಡು ಕೋಟ್ ಬಳಿಸಿ. ಮೈ ಮೇಲೆ ನೀರು ಸುರಿದುಕೊಳ್ಳುವ ಕಡೆ ಗೋಡೆಗೆ ಆರಡಿಯವರೆಗೂ ಇರಲಿ. ಮೊದಲ ಕೋಟ್ ಉದ್ದಕ್ಕೆ ಬಳಿದರೆ ಎರಡನೆಯದು ಅಡ್ಡಕ್ಕೆ. ನೆಲವೂ ಗೋಡೆಯೂ ಸೇರುವ ಮೂಲೆಯನ್ನು ಗಾರೆಯಿಂದ ಸ್ವಲ್ಪ ದುಂಡಗೆ ಮಾಡಿಸಿ ಆಮೇಲೆ ಬಳಿಯಬೇಕು. ಬಿರುಕು ಮೊದಲು ಬಿಡುವುದು ಅಲ್ಲೇ. ನಹಾನಿ ಟ್ರ್ಯಾಪಿನ, ಅಂದರೆ ಜಾಲರಿಯ ಕೆಳಗೆ ನೀರು ಹೋಗುವ ಬಾಯಿಯ ಸುತ್ತ, ಕಮೋಡಿನ ಪೈಪು ನೆಲದಿಂದ ಮೇಲೆ ಬರುವ ಜಾಗದ ಸುತ್ತ ಇನ್ನೊಂದು ಸಲ ಬ್ರಶ್ ಆಡಿಸಲಿ.

ಬಳಿದದ್ದು ಪೂರ್ತಿ ಒಣಗಿದ ಮೇಲೆ ನೀರು ಹೋಗುವ ತೂತನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ. ನಿಂತ ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಿ 48 ಗಂಟೆ ಬಿಡಿ. ಬೆರಳಗಲ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮಹಡಿ ಮನೆಯಾದರೆ ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿ ಅವರ ಬಚ್ಚಲಿನ ಸೂರು ನೋಡಿಬನ್ನಿ. "ಎರಡು ದಿನ ಕೂಲಿ ಹಾಳಲ್ವಾ ಅಮ್ಮ" ಅಂತ ಮೇಸ್ತ್ರಿ ಕೇಳುತ್ತಾರೆ, ಕೇಳಲಿ. ಮಗಳ ಫ್ಲ್ಯಾಟಿನಲ್ಲಿ ಈ ಎರಡು ದಿನ ಬಿಟ್ಟಿದ್ದಕ್ಕೇ ಪೈಪಿನ ಬುಡದ ಸೋರಿಕೆ ಸಿಕ್ಕಿತು. ಟೈಲ್ಸ್ ಹಾಕಿದ ಮೇಲೆ ಸಿಕ್ಕಿದ್ದರೆ ಎಲ್ಲ ಒಡೆಯಬೇಕಾಗಿತ್ತು.

ಇನ್ನು ಟೈಲ್ಸ್ ಖರೀದಿ. ಗೋಡೆಯ ಟೈಲ್ಸ್ ಬೇರೆ, ನೆಲದ ಟೈಲ್ಸ್ ಬೇರೆ. ಗೋಡೆಗೆಂದು ಮಾಡಿದ ಸೆರಾಮಿಕ್ ಟೈಲ್ಸ್ ತನ್ನ ತೂಕದ ನೂರಕ್ಕೆ 10 ಪಾಲಿಗಿಂತ ಜಾಸ್ತಿ ನೀರು ಹೀರುತ್ತದೆ. ವಿಟ್ರಿಫೈಡ್, ಅಂದರೆ ಗಾಜಿನಂತೆ ಗಟ್ಟಿಯಾಗುವಷ್ಟು ಸುಟ್ಟ ಟೈಲ್ಸ್, ನೂರಕ್ಕೆ ಅರ್ಧ ಪಾಲನ್ನೂ ಹೀರುವುದಿಲ್ಲ. ಗೋಡೆಯದನ್ನು ತಂದು ನೆಲಕ್ಕೆ ಹಾಕಿದರೆ ಒಂದು ತಾಮ್ರದ ಚೊಂಬು ಬಿದ್ದರೂ ಚಕ್ಕೆ ಏಳುತ್ತದೆ. ಬಚ್ಚಲ ನೆಲಕ್ಕೆ ಹೊಳೆಯುವುದು ಬೇಡವೇ ಬೇಡ. ನಮ್ಮ ಯಜಮಾನರು ಒಮ್ಮೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದು ಅದೇ ಹಾಲುಬಣ್ಣದ ನೆಲದಲ್ಲಿ. ಜಾರದ ಟೈಲ್ಸಿಗೆ ಆರ್ 10, ಆರ್ 11 ಅಂತ ಗುರುತು ಇರುತ್ತದೆ. ಅಂಕಿ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ನಾನಂತೂ ಅಂಗಡಿಯಲ್ಲೇ ಒಂದು ಟೈಲ್ಸ್ ಕೆಳಗಿಡಿಸಿ, ಸೋಪು ನೀರು ಹಾಕಿ, ಚಪ್ಪಲಿ ಬಿಟ್ಟು ಕಾಲಿಟ್ಟು ನೋಡಿದ್ದೇನೆ. ಅಂಗಡಿಯ ಹುಡುಗ ನಕ್ಕ. ಸ್ನಾನ ಮಾಡುವ ಜಾಗಕ್ಕೆ ಒಂದಡಿ ಚೌಕದ ಟೈಲ್ಸೇ ಸಾಕು. ದೊಡ್ಡದಾದರೆ ನಾಲ್ಕೂ ಕಡೆಯಿಂದ ಇಳಿಜಾರು ಕೊಡುವುದು ಕಷ್ಟ. ಸಂದುಗಳು ಜಾಸ್ತಿಯಿದ್ದರೆ ಕಾಲಿಗೂ ಹಿಡಿತ ಸಿಗುತ್ತದೆ.

ಎಲ್ಲ ಪೆಟ್ಟಿಗೆಯ ಮೇಲೂ ಬ್ಯಾಚ್ ನಂಬರು, ಶೇಡ್ ನಂಬರು ಇರುತ್ತದೆ. ಎಲ್ಲ ಒಂದೇ ಇರಬೇಕು. ಬೇರೆ ಬ್ಯಾಚಿನದು ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಕಾಣುತ್ತದೆ, ಮನೆಯ ಕಿಟಕಿ ಬೆಳಕು ಬಿದ್ದಾಗ ಬೇರೆಯಾಗಿ ಕಾಣುತ್ತದೆ. ಲೆಕ್ಕಕ್ಕಿಂತ ನೂರಕ್ಕೆ ಹತ್ತು ಜಾಸ್ತಿ ತನ್ನಿ. ಎರಡಡಿ ಚೌಕದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 4 ಟೈಲ್ಸ್ ಇರುತ್ತವೆ, ಅಂದರೆ 16 ಚದರಡಿ.

ಹಾಕುವುದು ಗಾರೆಯಲ್ಲೋ, ಗಮ್ಮಿನಲ್ಲೋ ಅಂತ ಎಲ್ಲರೂ ಕೇಳುತ್ತಾರೆ. ಗಮ್ ಅಂದರೆ ಟೈಲ್ಸ್ ಅಡ್ಹೆಸಿವ್. ಸಣ್ಣ ಸೆರಾಮಿಕ್ ಟೈಲ್ಸನ್ನು ಹಳೇ ಪದ್ಧತಿಯಂತೆ ನೀರಿನಲ್ಲಿ ನೆನೆಸಿ ಸಿಮೆಂಟ್ ಗಾರೆಗೆ ಕೂರಿಸಿದರೆ ಚೆನ್ನಾಗಿಯೇ ಇರುತ್ತದೆ. ನೆನೆಸದಿದ್ದರೆ ಅದು ಗಾರೆಯ ನೀರನ್ನು ಹೀರಿಕೊಂಡು, ಗಾರೆ ಸರಿಯಾಗಿ ಕಚ್ಚುವುದಿಲ್ಲ. ಆದರೆ ವಿಟ್ರಿಫೈಡ್ ಬೇರೆ ಜಾತಿ. ನೀರನ್ನೇ ಹೀರದ ಬೆನ್ನಿಗೆ ಬರೀ ಸಿಮೆಂಟು ಹಿಡಿಯುವುದು ಕಷ್ಟ. ಅದನ್ನು ಗೋಡೆಗೆ ಹಾಕುವುದಾದರೆ ಗಮ್ಮೇ ಆಗಬೇಕು. ಗಮ್ಮಿನ ಚೀಲದ ಮೇಲೆ ಐಎಸ್ 15477 ಅನ್ನುವ ಭಾರತೀಯ ಮಾನಕದ ಗುರುತು ಇದೆಯಾ ನೋಡಿ. ಅದರ ಜೊತೆ ಟೈಪ್ 1, ಟೈಪ್ 2 ಅಂತ ಇರುತ್ತದೆ. ಗೋಡೆಯ ವಿಟ್ರಿಫೈಡಿಗೆ ಟೈಪ್ 1 ಸಾಲದು.

ಗಮ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಟೈಲ್ಸಿನ ಬೆನ್ನಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಉಂಡೆ, ನಡುವೆ ಒಂದು ಉಂಡೆ ಇಟ್ಟು ಗೋಡೆಗೆ ಒತ್ತುವವರು ಇದ್ದಾರೆ. ಬೇಗ ಆಗುತ್ತದೆ, ಗಮ್ಮೂ ಉಳಿಯುತ್ತದೆ. ಆದರೆ ಹಿಂದೆ ಪೊಳ್ಳು. ಅಲ್ಲಿಗೆ ಡ್ರಿಲ್ ಇಟ್ಟು ಟವೆಲ್ ಕೋಲಿಗೆ ತೂತು ಹಾಕಿದ ಕೂಡಲೇ ಬಿರುಕು ಬಿಡುತ್ತದೆ. ಹಲ್ಲಿನ ಕರಣೆಯಿಂದ ಗಮ್ಮನ್ನು ಗೆರೆಗೆರೆಯಾಗಿ ಎಳೆದು, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕು. ಶುರುವಿನಲ್ಲಿ ಹಾಕಿದ ಒಂದು ಟೈಲ್ಸನ್ನು ಆಗಲೇ ಕಿತ್ತು ತೋರಿಸಲು ಹೇಳಿ. ಬೆನ್ನು ತುಂಬಾ ಗಮ್ ಅಂಟಿದ್ದರೆ ನೀವು ನೆಮ್ಮದಿಯಾಗಿ ಕಾಫಿ ಮಾಡಲು ಹೋಗಬಹುದು. ಕೆಲಸ ಮುಗಿದು ಒಣಗಿದ ಮೇಲೆ ಐದು ರೂಪಾಯಿ ನಾಣ್ಯದಿಂದ ಒಂದೊಂದೇ ಟೈಲ್ಸನ್ನು ತಟ್ಟುತ್ತಾ ಹೋಗಿ. ಗಟ್ಟಿ ಸದ್ದಿಗೂ ಪೊಳ್ಳು ಸದ್ದಿಗೂ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ, ಹಲಸಿನಹಣ್ಣು ತಟ್ಟಿ ನೋಡಿದವರಿಗಂತೂ ಹೇಳಿಕೊಡಬೇಕಾಗಿಲ್ಲ. ಪೊಳ್ಳಾದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿಡಿ.

ಇಳಿಜಾರಿಗೆ ನಮ್ಮ ಕಡೆ ಮೇಸ್ತ್ರಿಗಳು ವಾಟ ಅನ್ನುತ್ತಾರೆ. ನಾಲ್ಕಡಿಗೆ ಅರ್ಧ ಇಂಚು ಇಳಿದರೆ ನೀರು ನಿಲ್ಲುವುದಿಲ್ಲ, ಮೈ ತೊಳೆಯುವ ಜಾಗದಲ್ಲಿ ಇನ್ನು ಸ್ವಲ್ಪ ಜಾಸ್ತಿ ಇದ್ದರೂ ತೊಂದರೆಯಿಲ್ಲ. ಬಚ್ಚಲ ನೆಲ ರೂಮಿನ ನೆಲಕ್ಕಿಂತ ಒಂದಿಂಚಾದರೂ ತಗ್ಗಿನಲ್ಲಿರಲಿ. ಗಾರೆ ಹಸಿಯಿರುವಾಗಲೇ ದಾರ ಕಟ್ಟಿಸಿ, ರಸಮಟ್ಟ ಇಡಿಸಿ ನೋಡಿ. ಸಾಲದಿದ್ದರೆ ಒಂದು ಗೋಲಿ ಬಿಡಿ. ತಮ್ಮನ ಮನೆಯಲ್ಲಿ ಮೊಮ್ಮಗನ ಗೋಲಿಯಿಂದಲೇ ನಾನು ಎರಡು ಟೈಲ್ಸ್ ಎಬ್ಬಿಸಿ ಮತ್ತೆ ಹಾಕಿಸಿದೆ. ಮೇಸ್ತ್ರಿ ಮುಖ ಊದಿಸಿಕೊಂಡರು, ಮಧ್ಯಾಹ್ನ ಚಿತ್ರಾನ್ನ ಕೊಟ್ಟ ಮೇಲೆ ಸರಿಹೋದರು.

ಒಂದು ಸಣ್ಣ ವಿಷಯ, ಆದರೆ ಗೊತ್ತಿರುವವರು ಕಡಿಮೆ. ಗೋಡೆಯ ಟೈಲ್ಸನ್ನು ಎರಡನೇ ಸಾಲಿನಿಂದ ಶುರು ಮಾಡಿಸಿ. ಕೆಳಗೆ ನೇರವಾದ ಪಟ್ಟಿ ಕಟ್ಟಿಕೊಂಡರೆ ಟೈಲ್ಸ್ ಜಾರುವುದಿಲ್ಲ. ಆಮೇಲೆ ನೆಲ ಮುಗಿಸಿ, ಕೊನೆಗೆ ಕೆಳಗಿನ ಸಾಲು. ಆಗ ಗೋಡೆಯ ಟೈಲ್ಸ್ ನೆಲದ ಟೈಲ್ಸಿನ ಮೇಲೆ ಬಂದು ಕೂರುತ್ತದೆ, ಗೋಡೆಯಿಂದ ಇಳಿದ ನೀರು ನೇರ ನೆಲಕ್ಕೆ ಬರುತ್ತದೆ. ತುಂಡು ಟೈಲ್ಸ್ ಬಂದರೆ ಬಾಗಿಲ ಹಿಂದಿನ ಮೂಲೆಗೆ ಹೋಗಲಿ, ಬಾಗಿಲು ತೆಗೆದ ಕೂಡಲೇ ಎದುರಿಗೆ ಕಾಣಬಾರದು.

ಹಾಲ್, ಅಂದರೆ ನಡುಮನೆಯ ನೆಲದ ಮಾತು ಬೇರೆ. ಅಲ್ಲಿ ನೀರಿನ ಕಾಟವಿಲ್ಲ, ಜಾಗ ಬಿಡದಿರುವುದೇ ಕಾಟ. ಟೈಲ್ಸಿಗೆ ಟೈಲ್ಸ್ ಅಂಟಿಸಿ ಹಾಕಿದರೆ ಒಂದೇ ಹಾಳೆಯಂತೆ ಕಾಣುತ್ತದೆ ಅಂತ ಆಸೆಪಡುತ್ತೇವೆ. ಬಿಸಿಲಿಗೆ ಹಿಗ್ಗಿದಾಗ ಅದಕ್ಕೆ ಹೋಗಲು ಜಾಗವಿಲ್ಲದೆ ನಡುವೆ ಗುಡಾರದಂತೆ ಎದ್ದುಬಿಡುತ್ತದೆ. ಟೈಲ್ಸ್ ನಡುವೆ ಕನಿಷ್ಠ 2 ಮಿಲಿಮೀಟರ್ ಸ್ಪೇಸರ್, ಅಂದರೆ ಸಂದು ಬಿಡಿಸುವ ತುಂಡು, ಇಡಿಸಿ. ಗೋಡೆಯ ಬುಡದಲ್ಲಿ ಕಿರುಬೆರಳು ತೂರದಷ್ಟು ಸಂದು ಬಿಡಿಸಿ, ಗೋಡೆಯ ಕೆಳಗೆ ಹಾಕುವ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ. ಎರಡಡಿಗೆ ನಾಲ್ಕಡಿಯ ಉದ್ದ ಟೈಲ್ಸ್ ನಡುವೆ ಕೂದಲೆಳೆಯಷ್ಟು ಬಾಗಿರುವುದುಂಟು. ಇಟ್ಟಿಗೆ ಥರ ಅರ್ಧಕ್ಕೆ ಸರಿಯಾಗಿ ಜೋಡಿಸಿದರೆ ಒಂದರ ಉಬ್ಬಿಗೆ ಇನ್ನೊಂದರ ತುದಿ ಬಂದು ಕಾಲಿಗೆ ತಗಲುತ್ತದೆ. ಮೂರನೇ ಒಂದರಷ್ಟು ಮಾತ್ರ ಸರಿಸಿ ಜೋಡಿಸಲಿ. ಹೊಸ ನೆಲದಿಂದ ಬಾಗಿಲು ಉಜ್ಜುತ್ತದೆಯಾ ಅಂತಲೂ ಮೊದಲೇ ಅಳೆದುಕೊಳ್ಳಿ, ಬಡಗಿಯನ್ನು ಆಮೇಲೆ ಹುಡುಕುವುದು ದೊಡ್ಡ ಪಾಡು.

ಸಂದು ತುಂಬುವುದಕ್ಕೆ ಹಿಂದೆಲ್ಲ ವೈಟ್ ಸಿಮೆಂಟು. ಬಚ್ಚಲಲ್ಲಿ ಅದು ಆರು ತಿಂಗಳಿಗೆ ಹಳದಿಯಾಗಿ ಆಮೇಲೆ ಕಪ್ಪಾಗುತ್ತದೆ. ಎಪಾಕ್ಸಿ ಗ್ರೌಟ್, ಅಂದರೆ ಸಂದು ತುಂಬುವ ರಾಳದ ಮಿಶ್ರಣ, ದುಬಾರಿ, ಆದರೆ ಬಚ್ಚಲ ನೆಲಕ್ಕಾದರೂ ಅದನ್ನೇ ಹಾಕಿಸಿ. ಟೈಲ್ಸ್ ಕೂರಿಸಿ ಒಂದು ದಿನವಾದರೂ ಆದ ಮೇಲೆ ತುಂಬಲಿ. ಮೆತ್ತಿದ್ದನ್ನು ಆಗಿಂದಾಗಲೇ ಸ್ಪಂಜಿನಿಂದ ಒರೆಸದಿದ್ದರೆ ಟೈಲ್ಸಿನ ಮೇಲೇ ಕಲ್ಲಾಗುತ್ತದೆ. ಕೊನೆಯಲ್ಲಿ ಮೇಸ್ತ್ರಿ ಆ್ಯಸಿಡ್ ಬಾಟಲಿ ಹಿಡಿದು ಬಂದರೆ ಕೈ ಹಿಡಿದು ನಿಲ್ಲಿಸಿ. ಅದು ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ನಲ್ಲಿಯ ಹೊಳಪನ್ನೂ ತೆಗೆಯುತ್ತದೆ.

ಕೊನೆಯ ಕಂತು ಕೊಡುವ ದಿನ ಒಂದು ಬಕೆಟ್ ನೀರು ತಂದು ದೂರದ ಮೂಲೆಯಲ್ಲಿ ಸುರಿಯಿರಿ. ಮೇಸ್ತ್ರಿಯೂ ಪಕ್ಕದಲ್ಲೇ ನಿಂತು ನೋಡಲಿ. ಸೀಮೆಸುಣ್ಣದ ಗುರುತು ಹಾಕಿದ್ದನ್ನೂ ಆಗಲೇ ತೋರಿಸಿ. ಉಳಿದ ಟೈಲ್ಸ್ ಬಿಸಾಡಬೇಡಿ, ಒಂದು ಪೆಟ್ಟಿಗೆಯಾದರೂ ಇಟ್ಟುಕೊಳ್ಳಿ. ಬ್ಯಾಚ್ ನಂಬರಿರುವ ಪೆಟ್ಟಿಗೆಯ ಪಕ್ಕವನ್ನು ಕತ್ತರಿಸಿ ಮನೆ ಕಾಗದಪತ್ರದ ಫೈಲಿನಲ್ಲಿ ಸೇರಿಸಿಡಿ. ನಮ್ಮ ಮಂಚದ ಕೆಳಗೆ ಆರು ಟೈಲ್ಸ್ ಇದ್ದವು. ಹೋದ ವರ್ಷ ಗೀಸರಿನ ಪೈಪು ಒಡೆದು ಗೋಡೆ ಕೊರೆಯಬೇಕಾಯಿತು. ಮೂರು ಖರ್ಚಾದವು, ಮೂರು ಇನ್ನೂ ಅಲ್ಲೇ ಇವೆ.