ಪಿಎಚ್‌ಪಿ ಬಿಡೋಣ ಅಂತ ಹೊರಟು

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ವೆಬ್‌ಸೈಟ್ ಮಾಡಿಕೊಟ್ಟು ಎಂಟು ವರ್ಷವಾಯಿತು. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಎಲ್ಲಾ ಬಗೆಗಳ ಅವತ್ತಿನ ಧಾರಣೆ ಅದರಲ್ಲಿ ಬರುತ್ತದೆ. ರೈತರು ಮೊಬೈಲ್ ನಂಬರ್ ಕೊಟ್ಟು, ಓಟಿಪಿ ಹಾಕಿ, ತಮ್ಮ ಮಾರಾಟದ ಪಟ್ಟಿ ನೋಡಬಹುದು. ಬರೆದದ್ದೆಲ್ಲಾ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಮಾಹಿತಿ ಇಡಲು ಮೈಎಸ್‌ಕ್ಯುಎಲ್ ಡೇಟಾಬೇಸ್. ಮಳೆಗಾಲದಲ್ಲಿ ಅದನ್ನು ತಿರುಗಿ ನೋಡುವವರು ಕಡಿಮೆ. ಹೊಸ ಅಡಿಕೆ ಬರಲು ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ಜನ ಮುಗಿಬೀಳುತ್ತಾರೆ.

ಹೋದ ಸಲ ಸರಿಯಾಗಿ ಅದೇ ಹೊತ್ತಿಗೆ ಸೈಟ್ ಕೈಕೊಟ್ಟಿತು. ಮಂಡಿ ಸಾಹುಕಾರರ ಫೋನ್: “ಎಂತ ಮಾರಾಯ, ಚಕ್ರ ತಿರುಗ್ತಾನೇ ಇದೆ, ಧಾರಣೆ ಕಾಣ್ತಿಲ್ಲ!” ದುರ್ಗಿಗುಡಿಯ ನಮ್ಮ ಪುಟ್ಟ ಆಫೀಸಿನಲ್ಲಿ ಜೊತೆಗಿರುವ ಹುಡುಗ ಇದಕ್ಕೇ ಕಾಯುತ್ತಿದ್ದ. “ಅಣ್ಣ, ಪಿಎಚ್‌ಪಿ ಸಾಕು. ಎಲ್ಲಾ ನೋಡ್‌ನಲ್ಲಿ ಬರೆದುಬಿಡೋಣ” ಅಂದ. ನನಗೂ ಒಳಗೊಳಗೇ ಆಸೆಯಿತ್ತು. 1995ರಲ್ಲಿ ಹುಟ್ಟಿದ ಪಿಎಚ್‌ಪಿಯಲ್ಲೇ ಇದ್ದೇನೆ ಅಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. (ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ 2009ರದ್ದು. ಅದೂ ಈಗೇನು ಹಸುಗೂಸಲ್ಲ, ಬಿಡಿ.)

ಸರ್ವರ್ ಏನು ಮಾಡ್ತಿದೆ ನೋಡೋಣ ಅಂತ ಮೊದಲು ಟಾಪ್ ಕಮಾಂಡ್ ಕೊಟ್ಟೆ. ಸಿಪಿಯು ಹಾಯಾಗಿ ಕೂತಿತ್ತು! ಸೈಟ್ ಒದ್ದಾಡುತ್ತಿದೆ, ಸರ್ವರ್‌ಗೆ ಕೆಲಸವೇ ಇಲ್ಲ. ಪಿಎಚ್‌ಪಿ ಪ್ರೊಸೆಸ್‌ಗಳನ್ನು ನೋಡಿಕೊಳ್ಳುವ ಎಫ್‌ಪಿಎಂನ ಲಾಗ್ ತೆಗೆದರೆ, ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ಓಡಬಹುದಾದ ಪ್ರೊಸೆಸ್‌ಗಳ) ಮಿತಿ ಮುಟ್ಟಿದೆ ಅಂತ ಸಾಲುಸಾಲು ಎಚ್ಚರಿಕೆ. ಅದರ ಡಿಫಾಲ್ಟ್ 5. ನಾನು ಮುಟ್ಟಿರಲೇ ಇಲ್ಲ. ಅಂದರೆ ಒಂದು ಸಲಕ್ಕೆ ಐದೇ ರಿಕ್ವೆಸ್ಟ್, ಆರನೆಯದು ಸಾಲಿನಲ್ಲಿ ನಿಲ್ಲಬೇಕು. ನಮ್ಮ ಎಸ್‌ಎಂಎಸ್ ಸೇವೆ ಉತ್ತರ ಕೊಡಲು ನಾಲ್ಕೈದು ಸೆಕೆಂಡ್ ತಗೊಳ್ಳುತ್ತಿತ್ತು. ಅಷ್ಟು ಹೊತ್ತೂ ಪಿಎಚ್‌ಪಿಯ ಒಂದು ಪ್ರೊಸೆಸ್ ಸುಮ್ನೆ ಕಾಯುತ್ತಿತ್ತು. ಐದು ಜನ ಒಟ್ಟಿಗೆ ಓಟಿಪಿ ಕೇಳಿದರೆ ಸಾಕು, ಬರೀ ಧಾರಣೆ ನೋಡಲು ಬಂದವರಿಗೂ ಬಾಗಿಲು ಬಂದ್.

ಇದಕ್ಕೆ ಭಾಷೆ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಓಟಿಪಿಯನ್ನು ಒಂದು ಟೇಬಲ್‌ಗೆ ಬರೆದು ತಕ್ಷಣ ಪುಟ ತೋರಿಸಿದೆ. ಎಸ್‌ಎಂಎಸ್ ಕಳಿಸಲು ಹಿಂದೆ ಬೇರೆ ಸ್ಕ್ರಿಪ್ಟ್, ಅದೂ ಪಿಎಚ್‌ಪಿಯೇ. ರ‍್ಯಾಮ್ ಎಷ್ಟಿದೆ ನೋಡಿಕೊಂಡು 5 ಇದ್ದದ್ದನ್ನು 12 ಮಾಡಿದೆ. ಹಾಗೇ ಪಿಎಚ್‌ಪಿಯನ್ನೂ 7.4ನೇ ಆವೃತ್ತಿಯಿಂದ 8ಕ್ಕೆ ಏರಿಸಿದೆ. 7.4ಕ್ಕೆ 2022ರ ನವೆಂಬರ್‌ನಲ್ಲೇ ಬೆಂಬಲ ನಿಂತಿತ್ತು, ನಾನೇ ಸೋಮಾರಿ. ಹುಡುಗನ ಮುಖ ಸಪ್ಪಗಾಯಿತು.

ಆದರೆ ಅವನ ಮಾತು ಪೂರ್ತಿ ತಪ್ಪೂ ಆಗಿರಲಿಲ್ಲ. ಸೈಟಿನಲ್ಲಿ ಅವತ್ತಿನ ಧಾರಣೆ ತೋರಿಸುವ ಬೋರ್ಡ್ ಇದೆಯಲ್ಲ, ಅದನ್ನು ತೆರೆದಿಟ್ಟ ಪ್ರತಿ ಫೋನೂ ಐದು ಸೆಕೆಂಡಿಗೊಮ್ಮೆ “ಬದಲಾಯ್ತಾ?” ಅಂತ ಸರ್ವರನ್ನು ಕೇಳುತ್ತಿತ್ತು. 300 ಜನ ನೋಡುತ್ತಿದ್ದರೆ ಸೆಕೆಂಡಿಗೆ 60 ಪ್ರಶ್ನೆ. ಉತ್ತರ ಹೆಚ್ಚುಕಡಿಮೆ ಯಾವಾಗಲೂ “ಇಲ್ಲ”. ಕನೆಕ್ಷನ್ ತೆರೆದೇ ಇಟ್ಟು, ಧಾರಣೆ ಬದಲಾದಾಗ ಸರ್ವರೇ ತಿಳಿಸಿದರೆ ಈ ಗೋಳಿಲ್ಲ. ಆದರೆ ಎಫ್‌ಪಿಎಂನಲ್ಲಿ ಹಾಗೆ ಮಾಡಿದರೆ 300 ಜನಕ್ಕೆ 300 ಪ್ರೊಸೆಸ್ ಬೇಕು. ನೋಡ್ ನಮ್ಮ ಅಡಿಕೆ ಗೊನೆ ಕೊಯ್ಯುವ ಕೊನೆಗಾರನ ಥರ. ಒಳ್ಳೆ ಕೊನೆಗಾರ ಕೊನೆ ಹಿಡಿದುಕೊಂಡು ಪ್ರತಿ ಸಲ ಕೆಳಗಿಳಿಯುವುದಿಲ್ಲ. ಕೊಯ್ದು ಹಗ್ಗದಲ್ಲಿ ಜಾರಿಬಿಟ್ಟು, ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಒಬ್ಬನೇ ಇಡೀ ಸಾಲು ಮುಗಿಸುತ್ತಾನೆ. ನೋಡ್‌ನ ಒಂದೇ ಪ್ರೊಸೆಸ್ ಹಾಗೇ ಅಷ್ಟೂ ಕನೆಕ್ಷನ್ ನೋಡಿಕೊಳ್ಳುತ್ತದೆ.

ಬೋರ್ಡ್ ಮಾತ್ರ ನೋಡ್‌ಗೆ ತಂದೆವು. ಹುಡುಗ ಎರಡೂ ಕಡೆಯಿಂದ ಮಾಹಿತಿ ಕಳಿಸಬಹುದಾದ ವೆಬ್‌ಸಾಕೆಟ್ ಹಾಕೋಣ ಅಂದ. ಮಾಹಿತಿ ಸರ್ವರ್‌ನಿಂದ ಫೋನಿಗೆ ಹೋದರೆ ಸಾಕಲ್ವಾ, ಅದಕ್ಕೆ ಸರ್ವರ್ ಸೆಂಟ್ ಈವೆಂಟ್ಸ್ ಹಾಕಿದೆ. ಇದರಲ್ಲಿ ಕನೆಕ್ಷನ್ ಕಡಿದರೆ ಬ್ರೌಸರ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಕರೆಂಟಿನ ಜೊತೆ ಟವರೂ ಹೋಗುವ ನಮ್ಮ ಮಲೆನಾಡಿಗೆ ಇದಕ್ಕಿಂತ ಬೇಕಾ! ಮೊದಲ ದಿನ ಧಾರಣೆಗಳು ಒಂದೊಂದಾಗಿ ಬರದೆ ಗಂಟುಗಂಟಾಗಿ ಬಂದವು. ನೋಡ್‌ನ ಮುಂದೆ ಕೂತ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಅವನ್ನು ಕೂಡಿಟ್ಟು ಕಳಿಸುತ್ತಿತ್ತು. ಪ್ರಾಕ್ಸಿ ಬಫರಿಂಗ್ ಆಫ್ ಮಾಡಿದ ಮೇಲೆ ಸರಿಹೋಯಿತು. 60 ಸೆಕೆಂಡ್ ಮಾತಿಲ್ಲದಿದ್ದರೆ ಎಂಜಿನ್‌ಎಕ್ಸ್ ಕನೆಕ್ಷನ್ ಕಡಿಯುತ್ತದೆ ಅಂತ ಅರ್ಧ ನಿಮಿಷಕ್ಕೊಂದು ಖಾಲಿ ಸಾಲನ್ನೂ ಕಳಿಸುತ್ತೇವೆ.

ಆಮೇಲೆ ಒಂದು ಎಡವಟ್ಟು ನನ್ನಿಂದಲೇ ಆಯಿತು. ಹಳೆಯ ಧಾರಣೆಗಳ ದೊಡ್ಡ ಎಕ್ಸೆಲ್ ಫೈಲ್ ಓದುವ ಕೆಲಸವನ್ನೂ ಅದೇ ನೋಡ್ ಪ್ರೊಸೆಸ್‌ಗೆ ಹಚ್ಚಿದೆ. ಫೈಲ್ ಓದಿ ಮುಗಿಯುವ ತನಕ ಎಲ್ಲರ ಬೋರ್ಡೂ ಸ್ತಬ್ಧ. ಇರುವವನು ಒಬ್ಬನೇ ಕೊನೆಗಾರ, ಅವನು ಮರದ ಮೇಲೆ ಬೀಡಿ ಹಚ್ಚಿ ಕೂತರೆ ಸಾಲೇ ನಿಂತಂತೆ. ಎಕ್ಸೆಲ್ ಕೆಲಸ ಮತ್ತೆ ಪಿಎಚ್‌ಪಿಗೆ ಹೋಯಿತು, ಗೊತ್ತುಮಾಡಿದ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್‌ನಲ್ಲಿ ರಾತ್ರಿ ಓಡುತ್ತದೆ.

ಇನ್ನೊಂದು ತಮಾಷೆ. ಬೋರ್ಡಿನ ಮೇಲೆ ಓಡುವ ಸೂಚನೆಗೆ 60 ಅಕ್ಷರದ ಮಿತಿ ಇಟ್ಟಿದ್ದೆ. ಒಂದೇ ಸೂಚನೆ, ನೋಡ್ ಒಪ್ಪುತ್ತದೆ, ಪಿಎಚ್‌ಪಿ ಉದ್ದವಾಯ್ತು ಅನ್ನುತ್ತದೆ. “ಅಡಿಕೆ” ಅನ್ನುವ ಪದ ನಮ್ಮ ಕಣ್ಣಿಗೆ ಮೂರಕ್ಷರ. ಉದ್ದ ಅಳೆಯುವ ಪಿಎಚ್‌ಪಿಯ ಸ್ಟ್ರ್‌ಲೆನ್ ಬೈಟ್ ಎಣಿಸಿ 15 ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಒತ್ತು-ಗುಣಿತದ ಚಿಹ್ನೆಗಳನ್ನು ಬೇರೆ ಹಿಡಿದು 5 ಅನ್ನುತ್ತದೆ. ಎರಡೂ ಕಡೆ ಹೊಂದಲಿ ಅಂತ ಪಿಎಚ್‌ಪಿಯಲ್ಲಿ ಬೈಟ್ ಬದಲು ಚಿಹ್ನೆ ಎಣಿಸುವ ಎಂಬಿ ಸ್ಟ್ರ್‌ಲೆನ್‌ಗೆ ಬದಲಾಯಿಸಿದೆ. ಎಂಟು ವರ್ಷ ಸಾಹುಕಾರರು “ಯಾಕೋ ಇಷ್ಟೇ ಬರೆಯೋಕೆ ಆಗ್ತದೆ” ಅಂತ ಗೊಣಗುತ್ತಿದ್ದದ್ದು ಆಗ ಅರ್ಥವಾಯಿತು.

ಈಗ ಪಟ್ಟಿ, ಲೆಕ್ಕ, ಲಾಗಿನ್ ಪಿಎಚ್‌ಪಿಯಲ್ಲೇ ಇವೆ. ಬೋರ್ಡ್ ನೋಡ್‌ನಲ್ಲಿ, ಸುಮಾರು 150 ಸಾಲು. ಹುಡುಗ ಈಗ ಗೋ ಅನ್ನುವ ಇನ್ನೊಂದು ಭಾಷೆ ಕಲಿಯುತ್ತಿದ್ದಾನೆ, ಬೋರ್ಡನ್ನು ಅದರಲ್ಲಿ ಬರೆಯೋಣ ಅಂತ ದಿನಾ ಶುರುಮಾಡುತ್ತಾನೆ. ಮಳೆಗಾಲ ಬರಲಿ, ಮಂಡಿ ತಣ್ಣಗಿರುತ್ತದೆ, ಆಗ ನೋಡೋಣ ಅಂದಿದ್ದೇನೆ.