ಏದುಸಿರಲ್ಲಿ ಗುರಿ ಇಡೋದು: ಬಯಾಥ್ಲಾನ್‌ನಲ್ಲಿ ನನ್ನ ಮೊದಲ ಸೀಸನ್

ಬಯಾಥ್ಲಾನ್ ಅಂದರೆ ಬೆನ್ನಿಗೆ ಬಂದೂಕು ಹಾಕಿಕೊಂಡು ಹಿಮದ ಮೇಲೆ ಸ್ಕೀಯಲ್ಲಿ ಓಡುವುದು, ನಡುನಡುವೆ ಓಟ ನಿಲ್ಲಿಸಿ, ಕೆಲವು ಸಲ ಮಲಗಿ ಕೆಲವು ಸಲ ನಿಂತು, ಗುಂಡು ಹೊಡೆಯುವುದು. ಗುಡ್ಡದ ಮೇಲಿಂದ ಜಾರಿ ಇಳಿಯುವ ಸ್ಕೀ ಅಲ್ಲ ಇದು. ಏರಿದ್ದರೆ ಏರಬೇಕು, ಅದೂ ಸ್ವಂತ ಕೈಕಾಲಿನ ಬಲದಿಂದ. ಜರ್ಮನಿಯಲ್ಲಿ ಇದರ ಹುಚ್ಚು ಎಷ್ಟಿದೆ ಅಂದರೆ ಚಳಿಗಾಲದ ಶನಿವಾರ ಭಾನುವಾರ ಟಿವಿ ಹಾಕಿದರೆ ಇದೇ ಬರುತ್ತಿರುತ್ತದೆ. ಮ್ಯೂನಿಕ್‌ಗೆ ಕೆಲಸಕ್ಕೆ ಬಂದ ಮೇಲೆ ನಾನೂ ಕೆಲವು ಚಳಿಗಾಲ ಸುಮ್ನೆ ಸೋಫಾ ಮೇಲೆ ಕೂತು ನೋಡಿದೆ, ಆಮೇಲೆ ಒಂದು ಕ್ಲಬ್ ಸೇರಿದೆ, 2024-25ರಲ್ಲಿ ಮೊದಲ ಸಲ ಇಡೀ ಸೀಸನ್ ರೇಸ್ ಮಾಡಿದೆ. ವಿಶ್ವಕಪ್ ಅಲ್ಲ, ಹವ್ಯಾಸಿಗಳ ರೇಸು. ಜರ್ಮನಿಯ ಬವೇರಿಯಾ, ಆಸ್ಟ್ರಿಯದ ಟಿರೋಲ್, ಗಡಿ ದಾಟಿ ಇಟಲಿಯ ದಕ್ಷಿಣ ಟಿರೋಲ್. ಜೊತೆಗೆ ಓಡುವವರು ಜರ್ಮನ್ನರು, ಆಸ್ಟ್ರಿಯದವರು, ಇಟಲಿಯವರು, ಚೆಕ್ ದೇಶದವರು. ಇವರಲ್ಲಿ ಎಷ್ಟೋ ಜನ ಸರಿಯಾಗಿ ಮಾತು ಬರುವ ಮೊದಲೇ ಸ್ಕೀ ಕಟ್ಟಿಕೊಂಡವರು. ನಾನು ಸೋಮವಾರಪೇಟೆ ಕಡೆಯವಳು.

ನಮ್ಮ ಕೊಡಗಿನಲ್ಲಿ ಬಂದೂಕು ಹೊಸದಲ್ಲ. ಕೈಲ್ ಪೋಳ್ದ್ ಹಬ್ಬದ ಹೊತ್ತಿಗೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ನಾನೂ ಹೊಡೆದಿದ್ದೇನೆ. ಹಾಗಾಗಿ ಕ್ಲಬ್ಬಿನವರು ಮೊದಲ ದಿನ .22 ರೈಫಲ್ ಕೈಗೆ ಕೊಟ್ಟು ಮಲಗಿಸಿದಾಗ ಐದಕ್ಕೆ ಐದೂ ಬಿದ್ದಿದ್ದು ನನಗೇನೂ ಆಶ್ಚರ್ಯ ಅನಿಸಲಿಲ್ಲ. ಫೋನಲ್ಲಿ ಅಪ್ಪನಿಗೆ ಹೇಳಿದರೆ, "ಮಲಗಿಕೊಂಡು ಹೊಡೀತೀಯಾ? ಅದರಲ್ಲೇನಿದೆ?" ಅಂದರು. ಕೋಚ್ ಕೂಡ ಏನೂ ಹೇಳಲಿಲ್ಲ. ರೇಂಜಿನ, ಅಂದರೆ ಗುಂಡು ಹೊಡೆಯುವ ಜಾಗದ, ಹಿಂದಿನ ಏರನ್ನು ಜೋರಾಗಿ ಓಡಿ ಹತ್ತಿ ಬಾ, ಈಗ ಹೊಡಿ ಅಂದರು, ಅಷ್ಟೇ. ಒಂದೂ ಬೀಳಲಿಲ್ಲ.

ದೂರ ಯಾವಾಗಲೂ 50 ಮೀಟರ್. ಮಲಗಿ ಹೊಡೆಯುವಾಗ ಗುಂಡು ಬೀಳಬೇಕಾದ ವೃತ್ತದ ಅಗಲ 45 ಮಿಲಿಮೀಟರ್. ನಿಂತು ಹೊಡೆಯುವಾಗ 115. ಐದು ಕಪ್ಪು ಚುಕ್ಕೆ, ಬಿದ್ದರೆ ಬಿಳಿಯಾಗುತ್ತದೆ. ರೈಫಲ್ ತೂಕ ಕನಿಷ್ಠ ಮೂರೂವರೆ ಕಿಲೋ ಇರಲೇಬೇಕು, ದೂರದರ್ಶಕ ಇಡುವ ಹಾಗಿಲ್ಲ. ಟ್ರಿಗರ್‌ಗೆ ಬೇಕಾದ ಒತ್ತಡ ಕನಿಷ್ಠ ಅರ್ಧ ಕಿಲೋ, ಅಂದರೆ ಬೆರಳು ಮರಗಟ್ಟಿದ್ದರೆ ನೀವು ಎಳೆದಿರೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಎದೆ ಡವಗುಟ್ಟುವಾಗ ಮಲಗಿದರೆ ಇನ್ನೊಂದು ತಮಾಷೆ. ರೈಫಲಿನ ಪಟ್ಟಿ ತೋಳಿಗೆ ಬಿಗಿದಿರುತ್ತದಲ್ವಾ, ಅಲ್ಲಿನ ನಾಡಿ ಬಡಿತಕ್ಕೆ ನಳಿಗೆಯ ತುದಿ ಸಣ್ಣಗೆ ಕುಣಿಯುತ್ತಿರುತ್ತದೆ. ನಿಂತರೆ ಆ ಪಟ್ಟಿಯೂ ಇಲ್ಲ, ತೊಡೆ ನಡುಗುತ್ತದೆ.

ಶೂಟಿಂಗ್ ಅಂದರೆ ರೇಂಜಿನಲ್ಲಿ ಹಾಸಿದ ಚಾಪೆಯ ಮೇಲೆ ಆಗುವುದನ್ನಷ್ಟೇ ಜನ ನೋಡುತ್ತಾರೆ, ಆದರೆ ಅದು ಗೆಲ್ಲುವುದೂ ಸೋಲುವುದೂ ಚಾಪೆಗೆ ಬರುವ ಮುಂಚಿನ ನೂರು ಮೀಟರಿನಲ್ಲಿ. ಈ ಮಾತನ್ನು ಕೋಚ್ ಬೇಸಿಗೆಯಿಂದ ಹೇಳುತ್ತಲೇ ಇದ್ದರು, ನನಗೆ ಮೈಗೆ ಹತ್ತಿದ್ದು ಜನವರಿಯಲ್ಲಿ. ನಾನು ಈಗ ಮಾಡುವ ಕ್ರಮ ಹೀಗಿದೆ. ರೇಂಜ್ ಕಂಡ ಕೂಡಲೇ ವೇಗ ಇಳಿಸುತ್ತೇನೆ, ನಿಲ್ಲುವುದಿಲ್ಲ, ಪೂರ್ತಿ ನಿಂತರೆ ಕಾಲು ನಡುಗುವುದು ಜಾಸ್ತಿ. ಉಸಿರನ್ನು ಮೂಗಿನಿಂದ ಎಳೆಯಲು ಆಗುತ್ತದಾ ನೋಡುತ್ತೇನೆ, ಆಗದಿದ್ದರೆ ಇನ್ನಷ್ಟು ನಿಧಾನ. ಗಾಳಿಯ ಬಾವುಟ ನೋಡುತ್ತೇನೆ, ರೇಸಿಗೆ ಮುಂಚೆ ಕಾಗದದ ಗುರಿಗೆ ಹೊಡೆದು ಸೈಟ್, ಅಂದರೆ ರೈಫಲಿನಲ್ಲಿ ಗುರಿ ನೋಡುವ ಕಿಂಡಿ, ಹೊಂದಿಸಿಕೊಂಡಾಗ ಆ ಬಾವುಟ ಹೇಗಿತ್ತು ಅಂತ ನೆನೆಸಿಕೊಳ್ಳುತ್ತೇನೆ. ಅದೇ ಥರ ಇದ್ದರೆ ಸೈಟ್ ಮುಟ್ಟುವುದೇ ಇಲ್ಲ. ಬಾವುಟ ಬೇರೆ ಕಡೆ ತಿರುಗಿದ್ದರೆ ಸೈಟನ್ನು ಒಂದೋ ಎರಡೋ ಕ್ಲಿಕ್ ತಿರುಗಿಸುತ್ತೇನೆ. ಆಮೇಲೆ ಕೋಲು ಕೆಳಗೆ, ರೈಫಲ್ ಭುಜದಿಂದ ಇಳಿಸು, ಮಲಗು, ಹಿಮ ತಡೆಯುವ ಮುಚ್ಚಳ ತೆಗೆ, ಮ್ಯಾಗಜಿನ್ ಹಾಕು, ಎರಡು ಉಸಿರು, ಮೂರನೆಯದನ್ನು ಅರ್ಧ ಬಿಟ್ಟು ಹಿಡಿದು ಮೊದಲ ಗುಂಡು. ದಿನಾ ರಾತ್ರಿ ಗುಂಡಿಲ್ಲದೆ ಇದನ್ನೇ ಅಭ್ಯಾಸ ಮಾಡುತ್ತಿದ್ದೆ. ಗುರಿ ಇಡುವುದಕ್ಕಿಂತ ಈ ಕೈ ಕೆಲಸದ ಅಭ್ಯಾಸವೇ ಹೆಚ್ಚು. ಕೈ ತಾನಾಗಿ ಮಾಡಿಕೊಂಡು ಹೋದರೆ ತಲೆಗೆ ಗಾಳಿ ನೋಡಲು ಪುರುಸೊತ್ತು ಸಿಗುತ್ತದೆ.

ಇನ್ನು ಲೆಕ್ಕ. ಸ್ಪ್ರಿಂಟ್ ಅನ್ನುವ ಚಿಕ್ಕ ರೇಸಿನಲ್ಲಿ ಒಂದು ಗುಂಡು ತಪ್ಪಿದರೆ 150 ಮೀಟರಿನ ದಂಡದ ಸುತ್ತು ಹೊಡೆಯಬೇಕು. ವಿಶ್ವಕಪ್‌ನವರು ಅದನ್ನು 22-25 ಸೆಕೆಂಡಿನಲ್ಲಿ ಮುಗಿಸುತ್ತಾರೆ. ನನಗೆ ಹತ್ತಿರ ಹತ್ತಿರ ಎರಡು ಪಟ್ಟು ಬೇಕು. ಗಂಡಸರು 20, ಹೆಂಗಸರು 15 ಕಿಲೋಮೀಟರ್ ಓಡುವ ಇಂಡಿವಿಜುಯಲ್ ರೇಸಿನಲ್ಲಿ ಸುತ್ತು ಇಲ್ಲ, ತಪ್ಪಿದ ಪ್ರತಿ ಗುಂಡಿಗೆ ನೇರ ಒಂದು ನಿಮಿಷ ಸೇರಿಸುತ್ತಾರೆ, ಅದಕ್ಕೇ ಅದನ್ನು ಚೆನ್ನಾಗಿ ಗುರಿ ಹೊಡೆಯುವವರ ರೇಸ್ ಅನ್ನುತ್ತಾರೆ. ಆದರೆ ನನ್ನಂಥ ನಿಧಾನದವರಿಗೆ ಸ್ಪ್ರಿಂಟೂ ಗುರಿಕಾರರ ರೇಸೇ ಅಲ್ವಾ? ಚಾಪೆಯ ಮೇಲೆ ಐದು ಸೆಕೆಂಡ್ ಜಾಸ್ತಿ ಕಳೆದು ಒಂದು ಸುತ್ತು ಉಳಿಸಿದರೆ ವಿಶ್ವಕಪ್ ಓಟಗಾರನಿಗಿಂತ ನನಗೇ ಲಾಭ ಹೆಚ್ಚು. ಹವ್ಯಾಸಿಗಳು ಹೆಚ್ಚಿನವರು ಇದರ ಉಲ್ಟಾ ಮಾಡುತ್ತಾರೆ, ಟಿವಿಯಲ್ಲಿ ನೋಡಿದ ಹಾಗೆ ಪಟಪಟ ಹೊಡೆದು ಎರಡು ಮೂರು ಸುತ್ತು ತಿರುಗುತ್ತಾ ಇರುತ್ತಾರೆ. ನನಗಿಂತ ಎಷ್ಟೋ ಚೆನ್ನಾಗಿ ಸ್ಕೀ ಮಾಡುವವರನ್ನು ನಾನು ಹಿಂದೆ ಹಾಕಿದ್ದು ಹೀಗೆ. ಬೇರೆ ದಾರಿಯೂ ಇರಲಿಲ್ಲ ಬಿಡಿ.

ಯಾಕಂದರೆ ಸ್ಕೀ ದೊಡ್ಡವರಾದ ಮೇಲೆ ಕಲಿಯುವುದು ನಿಜಕ್ಕೂ ಕಷ್ಟ. ಬೇಸಿಗೆಯಲ್ಲಿ ಚಕ್ರ ಇರುವ ರೋಲರ್ ಸ್ಕೀಯಲ್ಲಿ ಡಾಂಬರು ರಸ್ತೆ ಮೇಲೆ ಅಭ್ಯಾಸ. ಬ್ರೇಕ್ ಇರುವುದಿಲ್ಲ. ಜರ್ಮನಿಯ ಓಬರ್‌ಹೋಫ್ ಊರಿನಲ್ಲಿ ಒಂದು ಸ್ಕೀ ಹಾಲ್ ಇದೆ, ಒಳಗೆ ವರ್ಷಪೂರ್ತಿ ಮೈನಸ್ 4 ಡಿಗ್ರಿಯ ಸುಮಾರಿನಲ್ಲಿ ಹಿಮ ಇಟ್ಟಿರುತ್ತಾರೆ. ಹೊರಗೆ ಅಂಗಿ ತೋಳು ಮಡಚುವ ಬಿಸಿಲು, ಒಳಗೆ ಟೋಪಿ. ಶರತ್ಕಾಲದಲ್ಲಿ ಅಲ್ಲಿಗೆ ಹೋಗಿದ್ದು ತುಂಬಾ ಉಪಯೋಗ ಆಯಿತು. ಸ್ವಿಟ್ಜರ್ಲೆಂಡಿನ ಡಾವೋಸ್‌ನಂಥ ಕಡೆ ಹೋದ ವರ್ಷದ ಹಿಮವನ್ನೇ ಮರದ ಹೊಟ್ಟಿನಡಿ ಮುಚ್ಚಿಟ್ಟು ಸೀಸನ್ ಶುರುವಿಗೆ ಹಾಸುತ್ತಾರೆ. ಅಡಿಕೆ ಒಣಗಿಸುವವರಿಗೆ ಮಳೆಯ ಚಿಂತೆ ಇರುವ ಹಾಗೆ ಇಲ್ಲಿಯವರಿಗೆ ಹಿಮದ ಚಿಂತೆ, ಆಕಾಶ ನೋಡುವುದೇ ಕೆಲಸ.

ಚೆನ್ನಾಗಿ ಜಾರಲಿ ಅಂತ ಸ್ಕೀ ಅಡಿಗೆ ಹಚ್ಚುವ ವ್ಯಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2023-24ರಿಂದ ಫ್ಲೋರಿನ್ ಇರುವ ವ್ಯಾಕ್ಸ್ ನಿಷೇಧ ಆದ ಮೇಲೆ ಸ್ವಲ್ಪ ಸರಳವಾಗಿದೆ, ಖರ್ಚೂ ಕಡಿಮೆ. ನಮ್ಮ ಮಟ್ಟದಲ್ಲಿ ಸ್ಕೀ ಅಡಿ ಸ್ವಚ್ಛವಾಗಿದ್ದರೆ ಸಾಕು.

ಜನವರಿಯಲ್ಲಿ ಬವೇರಿಯಾದ ರೂಪೋಲ್ಡಿಂಗ್‌ನಲ್ಲಿ ನಡೆದ ವಿಶ್ವಕಪ್ ನೋಡಲು ಹೋದೆ. ಅಲ್ಲಿನ ಜನರನ್ನು ಕೇಳಬೇಕು ನೀವು. ಜರ್ಮನ್ ಓಟಗಾರರ ಪ್ರತಿ ಗುಂಡು ಬಿದ್ದಾಗಲೂ ಇಡೀ ಸ್ಟೇಡಿಯಂ ಒಟ್ಟಿಗೆ "ಹೇ" ಅನ್ನುತ್ತದೆ, ತಪ್ಪಿದರೆ ಒಟ್ಟಿಗೆ ನರಳುತ್ತದೆ. ಅದೇ ವಾರ ನಾರ್ವೆಯ ದೊಡ್ಡ ಬಯಾಥ್ಲಾನ್ ತಾರೆ ಯೊಹಾನೆಸ್ ಬೋ, ಅವರ ಅಣ್ಣ ತಾರ್ಯೈ ಬೋ ಇಬ್ಬರೂ ಸೀಸನ್ ಮುಗಿದ ಮೇಲೆ ನಿವೃತ್ತಿ ಅಂತ ಹೇಳಿದರು, ಸುತ್ತಮುತ್ತ ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಬೈನಾಕ್ಯುಲರ್ ಹಿಡಿದು ನೋಡಿದ್ದು ಮಾತ್ರ ಗುರಿಯನ್ನಲ್ಲ, ರೇಂಜಿಗೆ ಬರುವ ದಾರಿಯನ್ನು. ಯಾರು ಎಲ್ಲಿ ಕಾಲು ಸಡಿಲ ಬಿಡುತ್ತಾರೆ, ಯಾರು ಬಾವುಟ ನೋಡುತ್ತಾರೆ, ಯಾರು ಪಕ್ಕದವರನ್ನು ನೋಡುತ್ತಾರೆ. ಜರ್ಮನಿಯ ಫ್ರಾನ್ಸಿಸ್ಕಾ ಪ್ರೊಯ್ಸ್ ಬರುವುದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು. ಯಾವ ಅವಸರವೂ ಇಲ್ಲ, ಪ್ರತಿ ಸಲ ಅದೇ ಕ್ರಮ.

ಮರುವಾರ ನಮ್ಮದೊಂದು ರೇಸು ದಕ್ಷಿಣ ಟಿರೋಲ್‌ನಲ್ಲಿ ಎತ್ತರದ ಜಾಗದಲ್ಲಿತ್ತು. ಅಲ್ಲಿ ಉಸಿರು ಹತೋಟಿಗೆ ಬರುವುದೇ ಇಲ್ಲ. ದಕ್ಷಿಣ ಟಿರೋಲ್‌ನ ಆಂಟ್‌ಹೋಲ್ಟ್ಸ್ ವಿಶ್ವಕಪ್ ರೇಂಜ್ 1,600 ಮೀಟರಿನಲ್ಲಿದೆ, ದೊಡ್ಡ ದೊಡ್ಡವರೂ ಅಲ್ಲಿ ಮೊದಲ ಸುತ್ತು ಮೆಲ್ಲಗೆ ಹೋಗುವುದು ಯಾಕೆ ಅಂತ ಆಗ ಗೊತ್ತಾಯಿತು. ನಾನು ರೂಪೋಲ್ಡಿಂಗ್‌ನಲ್ಲಿ ನೋಡಿದ್ದನ್ನೇ ಮಾಡಿದೆ, ಇನ್ನೂ ಮುಂಚೆಯೇ ವೇಗ ಇಳಿಸಿದೆ. ಹಿಂದಿನಿಂದ ಬಂದ ಚೆಕ್ ಅಜ್ಜ ಒಬ್ಬರು "ಹಾಪ್ ಹಾಪ್" ಅಂತ ಕೂಗಿಕೊಂಡು ಮುಂದೆ ಹೋದರು. ಮಲಗಿ ಐದಕ್ಕೆ ಐದು, ನಿಂತು ನಾಲ್ಕು. ಅಜ್ಜ ದಂಡದ ಸುತ್ತಿನಲ್ಲಿದ್ದರು. ಕೊನೆಯ ಏರಿನಲ್ಲಿ ಮತ್ತೆ ಅವರೇ ನನ್ನನ್ನು ಹಿಂದೆ ಹಾಕಿದರು, ಅದು ಬೇರೆ ವಿಷಯ.

ಮಾರ್ಚಿನಲ್ಲಿ ನಮ್ಮ ಕಡೆ ಹಿಮ ಗಂಜಿಯಾಗಿ ರೇಸುಗಳು ನಿಂತವು. ಓಸ್ಲೋದ ಕೊನೆಯ ವಿಶ್ವಕಪ್ ರೇಸನ್ನು ಕ್ಲಬ್ಬಿನ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನೋಡಿದೆವು. ಇಡೀ ಸೀಸನ್ನಿನ ವಿಶ್ವಕಪ್ ಗೆದ್ದವರಿಗೆ ಕೊಡುವ ದೊಡ್ಡ ಗ್ಲೋಬ್ ಟ್ರೋಫಿ ಪ್ರೊಯ್ಸ್‌ಗಾ, ಫ್ರಾನ್ಸಿನ ಲೂ ಜಾನ್‌ಮೊನೊಗಾ ಅನ್ನುವುದು ಕೊನೆಯ ಸುತ್ತಿನವರೆಗೂ ತೀರ್ಮಾನ ಆಗಿರಲಿಲ್ಲ. ಇಬ್ಬರೂ ಪಕ್ಕಪಕ್ಕ ಬರುತ್ತಿದ್ದಾಗ ಜಾನ್‌ಮೊನೊ ಬಿದ್ದುಬಿಟ್ಟರು, ಗ್ಲೋಬ್ ಪ್ರೊಯ್ಸ್‌ಗೆ ಹೋಯಿತು. ಕೋಣೆಯಲ್ಲಿ ಅರ್ಧ ಜನ ಕುಣಿದರು, ಅರ್ಧ ಜನ ಅಯ್ಯೋ ಅಂದರು. ನನಗೂ ಹೊಟ್ಟೆ ಚುರ್ ಅಂತು.

ಈಗ ಮತ್ತೆ ರೋಲರ್ ಸ್ಕೀ ಶುರು. ಜರ್ಮನಿಯಲ್ಲಿ ಸ್ವಂತ ರೈಫಲ್ ಬೇಕಾದರೆ ಕ್ಲಬ್ಬಿನಲ್ಲಿ ಕನಿಷ್ಠ ಒಂದು ವರ್ಷ ತಪ್ಪದೆ ಅಭ್ಯಾಸ ಮಾಡಿದ ದಾಖಲೆ ಇರಬೇಕು, ಪರೀಕ್ಷೆ ಪಾಸಾಗಬೇಕು, ಮನೆಯಲ್ಲಿ ಉಕ್ಕಿನ ಪೆಟ್ಟಿಗೆ ಇರಬೇಕು. ಕಾಗದ ಪತ್ರ ಕೊಟ್ಟಾಗಿದೆ. ಅದು ಕೈಗೆ ಬರುವವರೆಗೆ ಕ್ಲಬ್ಬಿನ ಹಳೇ ರೈಫಲ್ಲೇ ಗತಿ. ಅದರ ಹಿಡಿ ನನ್ನ ತೋಳಿಗೆ ಸ್ವಲ್ಪ ಉದ್ದ, ನಿಂತು ಹೊಡೆಯುವಾಗ ಕೆನ್ನೆ ಸರಿಯಾಗಿ ಕೂರುವುದಿಲ್ಲ. ಈ ಬೇಸಿಗೆಯಲ್ಲಿ ಮೊದಲು ಅದನ್ನು ಸರಿ ಮಾಡಿಸಬೇಕು.