ಪ್ರೋಸ್ಟೇಟ್ ಆಪರೇಷನ್ ಆಯಿತು, ಮುಂದಿನ ತಪಾಸಣೆಗೆ ಊರ ಹತ್ತಿರ ಡಾಕ್ಟರ್ ಹುಡುಕುವುದು ಹೇಗೆ?

ಪ್ರೋಸ್ಟೇಟ್ ಕ್ಯಾನ್ಸರ್ ಆಪರೇಷನ್‌ಗೆ ಬೆಂಗಳೂರಿಗೋ ಮುಂಬೈಗೋ ಹೋಗಿ ಗದಗ, ಹಾವೇರಿ, ಹುಬ್ಬಳ್ಳಿಗೆ ಮರಳುವವರ ಕೈಯಲ್ಲಿ ಒಂದು ಡಿಸ್ಚಾರ್ಜ್ ಚೀಟಿ ಇರುತ್ತದೆ. ಅದರ ಕೊನೆಗೆ, ಇಷ್ಟು ತಿಂಗಳಿಗೊಮ್ಮೆ ಪಿಎಸ್ಎ ಪರೀಕ್ಷೆ ಮಾಡಿಸಿ ಅಂತ ಬರೆದಿರುತ್ತಾರೆ. ಪ್ರೋಸ್ಟೇಟ್ ಗ್ರಂಥಿ ತಯಾರಿಸುವ ಪಿಎಸ್ಎ ಅನ್ನುವ ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಪರೀಕ್ಷೆ ಅದು. ರಕ್ತ ಕೊಡುವುದು ಕಷ್ಟವಲ್ಲ. ಬಂದ ರಿಪೋರ್ಟನ್ನು ಯಾರು ನೋಡಬೇಕು ಅನ್ನುವುದೇ ತೊಡಕು. ಒಮ್ಮೆ ಒಬ್ಬರಿಗೆ, ಇನ್ನೊಮ್ಮೆ ಇನ್ನೊಬ್ಬರಿಗೆ ತೋರಿಸಿದರೆ ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ಓದುವವರೇ ಇರುವುದಿಲ್ಲ. ವರ್ಷಗಟ್ಟಲೆ ಈ ರಿಪೋರ್ಟ್‌ಗಳ ಹೊಣೆ ಹೊರುವ ಒಬ್ಬ ಡಾಕ್ಟರ್ ಬೇಕು.

ಮೊದಲು ಕಾಗದಪತ್ರ

ಡಿಸ್ಚಾರ್ಜ್ ಚೀಟಿ ಒಂದೇ ಸಾಲದು. ತೆಗೆದ ಗ್ರಂಥಿಯನ್ನು ಪರೀಕ್ಷಿಸಿದ ಹಿಸ್ಟೋಪೆಥಾಲಜಿ ರಿಪೋರ್ಟ್ ಬೇಕೇ ಬೇಕು. ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಅಂತ ತೋರಿಸುವ ಅಂಕಿ) ಎಷ್ಟು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಣ ಉಳಿದಿತ್ತಾ, ಗ್ರಂಥಿಯ ಹೊರಗೆ ಅಥವಾ ಲಿಂಫ್ ಗಂಟುಗಳಿಗೆ ಹಬ್ಬಿತ್ತಾ ಅನ್ನುವುದೆಲ್ಲ ಅದರಲ್ಲಿರುತ್ತದೆ. ಆಪರೇಷನ್‌ಗೆ ಮೊದಲಿನ ಪಿಎಸ್ಎ, ಸ್ಕ್ಯಾನ್ ರಿಪೋರ್ಟ್‌ಗಳನ್ನೂ ಜೊತೆಗಿಡಿ. ಯಾವುದಾದರೂ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ಬರೆದು ಕೇಳಿ. ವೈದ್ಯರ ನಡತೆ ಕುರಿತ 2002ರ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ 3 ವರ್ಷ ಮಾತ್ರ. ಹಾಗಾಗಿ ತಡ ಮಾಡಬೇಡಿ.

ಎಲ್ಲಿ ಹುಡುಕಬೇಕು

ಆಪರೇಷನ್ ಮಾಡಿದ ಡಾಕ್ಟರನ್ನೇ ಮೊದಲು ಕೇಳಿ. ಹುಬ್ಬಳ್ಳಿ ಕಡೆ ಅವರಿಗೆ ಪರಿಚಯದ ಯುರಾಲಜಿಸ್ಟ್ ಇರಬಹುದು. ಇದ್ದರೆ ಅವರ ಹೆಸರಿಗೇ ಒಂದು ಪತ್ರ ಬರೆಸಿಕೊಳ್ಳಿ.

ನಮ್ಮ ಕಡೆ ಯುರಾಲಜಿಸ್ಟ್ ಅಂದರೆ ಕಿಡ್ನಿ ಕಲ್ಲಿನ ಡಾಕ್ಟರ್ ಅಂತಲೇ ಜನ ತಿಳಿದಿದ್ದಾರೆ. ಪ್ರೋಸ್ಟೇಟ್ ನೋಡುವವರೂ ಅವರೇ. ಹೆಸರಿನ ಮುಂದೆ ಯುರಾಲಜಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ ನೋಡಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ನವನಗರದ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಮೂರೂ ಹುಬ್ಬಳ್ಳಿ-ಧಾರವಾಡ ರಸ್ತೆಯ ಆಸುಪಾಸಿನಲ್ಲೇ ಇವೆ. ಗದಗ, ಹಾವೇರಿಯಿಂದ ಬಂದವರು ಹುಬ್ಬಳ್ಳಿಯಲ್ಲಿ ಧಾರವಾಡಕ್ಕೆ ಓಡಾಡುವ ಚಿಗರಿ ಬಸ್ ಹಿಡಿದರೆ ಆಯಿತು. ಹೊರಡುವ ಮೊದಲು ಯಾವ ದಿನ ಯಾರ ಓಪಿಡಿ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಊರಿಗೆ ತಿಂಗಳಿಗೊಮ್ಮೆ ಬಂದು ನೋಡುವ ಸ್ಪೆಷಲಿಸ್ಟ್ ಆದರೂ ಆಗಬಹುದು, ಆದರೆ ಮಧ್ಯದಲ್ಲಿ ಬೇಕಾದಾಗ ಸಿಗುತ್ತಾರಾ ಅನ್ನುವುದು ಖಾತ್ರಿ ಇರಲಿ.

ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಲ್ಯಾಬ್ ರಿಪೋರ್ಟ್‌ನಲ್ಲಿ ಪಿಎಸ್ಎ ಪಕ್ಕದಲ್ಲಿ ಸಾಮಾನ್ಯ ಮಟ್ಟ 0ಯಿಂದ 4 ಅಂತ ಅಚ್ಚಾಗಿರುತ್ತದೆ. ಅದು ಪ್ರೋಸ್ಟೇಟ್ ಇರುವವರ ಲೆಕ್ಕ. ಪಿಎಸ್ಎ ತಯಾರಾಗುವುದೇ ಪ್ರೋಸ್ಟೇಟ್‌ನಲ್ಲಿ. ಇಡೀ ಗ್ರಂಥಿಯನ್ನೇ ತೆಗೆದ ಮೇಲೆ, 6ರಿಂದ 8 ವಾರದಲ್ಲಿ ಅದು 0.1ಕ್ಕಿಂತ ಕೆಳಗೆ ಇಳಿಯಬೇಕು. ಹೀಗಿರುವಾಗ ರಿಪೋರ್ಟ್‌ನಲ್ಲಿ 0.9 ಬಂತು ಅಂದುಕೊಳ್ಳಿ. ಅದರ ಮುಂದೆ ಸ್ಟಾರ್ ಗುರುತಿರುವುದಿಲ್ಲ, ದಪ್ಪ ಅಕ್ಷರವೂ ಇರುವುದಿಲ್ಲ. ಮನೆಯವರು ನಾರ್ಮಲ್ ಅಂದುಕೊಂಡು ಕಪಾಟಿನಲ್ಲಿಡುತ್ತಾರೆ. ಗಡಿಬಿಡಿಯಲ್ಲಿರುವ ಡಾಕ್ಟರ್ ಕೂಡ 'ನಾಲ್ಕರೊಳಗೆ ಇದೆ, ಚಿಂತೆ ಬೇಡ' ಅಂದುಬಿಡಬಹುದು. ನಿಜವಾಗಿ, ಇಂಥವರಲ್ಲಿ 0.2 ಅಥವಾ ಅದಕ್ಕಿಂತ ಜಾಸ್ತಿ ಎರಡು ಸಲ ಬಂದರೆ ಕ್ಯಾನ್ಸರ್ ಮರಳಿರಬಹುದು ಅಂತ ಲೆಕ್ಕ. ರೇಡಿಯೇಷನ್ ಬೇಕಾದರೆ ಅದು ಚೆನ್ನಾಗಿ ಕೆಲಸ ಮಾಡುವುದು ಪಿಎಸ್ಎ ಇನ್ನೂ ಕಡಿಮೆ ಇದ್ದಾಗ, ಅಂದರೆ 0.5 ದಾಟುವ ಮೊದಲು. ಕಪಾಟಿನಲ್ಲಿ ಕಳೆದ ತಿಂಗಳುಗಳು ಮತ್ತೆ ಸಿಗುವುದಿಲ್ಲ.

ಅದಕ್ಕೇ ಡಾಕ್ಟರನ್ನು ನೇರವಾಗಿ ಕೇಳಿ: 'ಸರ್, ನನ್ನ ಪಿಎಸ್ಎ ಎಷ್ಟಾದರೆ ನೀವು ಏನು ಮಾಡ್ತೀರಿ?' ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತೇನೆ, ಎಷ್ಟು ಬೇಗ ಏರುತ್ತಿದೆ ನೋಡುತ್ತೇನೆ, ಬೇಕಾದರೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್ (ಕ್ಯಾನ್ಸರ್ ದೇಹದಲ್ಲಿ ಎಲ್ಲಿದೆ ಅಂತ ತೋರಿಸುವ ಸ್ಕ್ಯಾನ್) ಮಾಡಿಸಿ ರೇಡಿಯೇಷನ್ ಡಾಕ್ಟರ ಹತ್ತಿರ ಕಳಿಸುತ್ತೇನೆ, ಹೀಗೆ ಬಿಡಿಸಿ ಹೇಳಿದರೆ ಅವರನ್ನು ನಂಬಬಹುದು. 'ಆಗ ನೋಡೋಣ ಬಿಡಿ' ಅಂದರೆ ಇನ್ನೊಬ್ಬರನ್ನು ಹುಡುಕಿ. ಹೀಗೆ ಕೇಳುವುದು ಅಗೌರವ ಅಲ್ಲ.

ಒಂದು ಸಲ ಸ್ವಲ್ಪ ಏರಿದ ಮಾತ್ರಕ್ಕೆ ಗಾಬರಿ ಬೇಡ. ಲ್ಯಾಬ್ ಬದಲಾದರೂ ಅಂಕಿ ಹೆಚ್ಚುಕಮ್ಮಿ ಆಗುತ್ತದೆ. ಆದ್ದರಿಂದ ಪ್ರತಿ ಸಲ ಒಂದೇ ಲ್ಯಾಬ್‌ಗೆ ಹೋಗಿ. 0.1ಕ್ಕಿಂತ ಕೆಳಗಿನ ಮಟ್ಟವನ್ನೂ ಅದು ಅಳೆಯುತ್ತದಾ ಕೇಳಿ. ಮೊದಲ ವರ್ಷಗಳಲ್ಲಿ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ವಾಡಿಕೆ. ಹಿಸ್ಟೋಪೆಥಾಲಜಿ ರಿಪೋರ್ಟ್ ನೋಡಿ ನಿಮ್ಮ ಡಾಕ್ಟರ್ ಇದನ್ನು ಬದಲಿಸಬಹುದು. ಐದು ವರ್ಷ ಆಯ್ತಲ್ಲ ಅಂತ ನೀವೇ ನಿಲ್ಲಿಸಬೇಡಿ. ತಡವಾಗಿ ಮರಳುವುದೂ ಉಂಟು.

ಹೇಳಿಕೊಳ್ಳಲು ಆಗುವಂಥವರು

ಕೆಮ್ಮಿದರೆ, ಭಾರ ಎತ್ತಿದರೆ ಮೂತ್ರ ಸೋರುವುದು, ನಿಮಿರುವಿಕೆ ಇಲ್ಲದಿರುವುದು ಈ ಆಪರೇಷನ್ ನಂತರ ತುಂಬಾ ಜನರಿಗೆ ಆಗುತ್ತದೆ. ಗಂಡಸರು ಇದನ್ನು ಹೆಂಡತಿಯ ಹತ್ತಿರವೂ ಹೇಳುವುದಿಲ್ಲ, ಮಗ ಪಕ್ಕದಲ್ಲಿದ್ದರೆ ಡಾಕ್ಟರ ಹತ್ತಿರವೂ ಹೇಳುವುದಿಲ್ಲ. ಪ್ಯಾಡ್ ಹಾಕಿಕೊಂಡು, ಮದುವೆ ಜಾತ್ರೆ ಎಲ್ಲ ಬಿಟ್ಟು ಸುಮ್ನೆ ಮನೆಯಲ್ಲಿ ಕೂರುತ್ತಾರೆ. ಇದು ನೋಡಲು ಸಂಕಟವಾಗುತ್ತದೆ, ಯಾಕೆಂದರೆ ಎರಡಕ್ಕೂ ಚಿಕಿತ್ಸೆ ಇದೆ. ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮದಿಂದ ಸೋರುವಿಕೆ ಬಹಳ ಜನರಲ್ಲಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಮೂತ್ರದ ಧಾರೆ ಸಣ್ಣಗಾಗುತ್ತಾ ಬಂದರೆ ಹೊಲಿಗೆ ಹಾಕಿದ ಜಾಗ ಕಿರಿದಾಗಿರಬಹುದು, ಕೂಡಲೇ ತೋರಿಸಿ. ಐದು ನಿಮಿಷ ಒಬ್ಬರನ್ನೇ ಕೂರಿಸಿ ಮಾತಾಡಿಸುವ ಡಾಕ್ಟರ್ ಸಿಕ್ಕರೆ ಅವರನ್ನು ಬಿಡಬೇಡಿ.

ಹಳೆಯ ಆಸ್ಪತ್ರೆಯ ನಂಟು

ವರ್ಷಕ್ಕೊಮ್ಮೆ ಆಪರೇಷನ್ ಮಾಡಿದವರಿಗೂ ರಿಪೋರ್ಟ್ ಕಳಿಸಿ. ಅಲ್ಲಿಗೇ ಹೋಗಬೇಕಾದರೆ, ಕ್ಯಾನ್ಸರ್ ರೋಗಿಗಳಿಗೆ ತಪಾಸಣೆಯ ಪ್ರಯಾಣಕ್ಕೂ ರೈಲ್ವೆ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಸಿಗುತ್ತದೆ. ಅದರ ಫಾರಂಗೆ ಆಸ್ಪತ್ರೆಯ ಸಹಿ ಬೇಕು.

ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಲ್ಯಾಬ್, ಪಿಎಸ್ಎ ಮೂರನ್ನೂ ಸಾಲಾಗಿ ಬರೆಯುತ್ತಾ ಹೋಗಿ. ಅಂಕಿ ಏರಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮೊದಲ ಪುಟದಲ್ಲೇ ಬರೆದಿಡಿ, ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿರಿ.